ಮಷೀನ್ ಡಬ್ಲಿಂಗ್ ಅಲ್ಲ, ಡೈ ಡಬ್ಲಿಂಗ್ ಅಂತ ತೋರಿಸೋಕೆ ಎರಡು ವರ್ಷ ಬೇಕಾಯ್ತು: ನನ್ನ ಅನುಭವ

ನನ್ನ ಒಂದು 2 ರೂಪಾಯಿ ನಾಣ್ಯದಲ್ಲಿ ಅಕ್ಷರ ಜೋಡಿಯಾಗಿ ಕಾಣುತ್ತೆ. ನಾಣ್ಯಕ್ಕೆ ಅಚ್ಚು ಒತ್ತೋ ಮುದ್ರೇಲೇ, ಅಂದ್ರೆ ಡೈನಲ್ಲೇ, ಹಂಗಿದ್ರೆ ಅದು ಡೈ ಡಬ್ಲಿಂಗ್; ಒತ್ತೋವಾಗ ಮಷೀನ್ ಅಲುಗಾಡಿ ಬಂದ್ರೆ ಮಷೀನ್ ಡಬ್ಲಿಂಗ್. ಎರಡು ವರ್ಷ ಕಂಡಕಂಡವರೆಲ್ಲಾ "ಅದು ಮಷೀನ್ ಡಬ್ಲಿಂಗ್ ಕಣಪ್ಪಾ, ಅಂಗಡೀಲಿ ಕೊಟ್ಟು ಬಿಸ್ಕತ್ತು ತಗೋ" ಅಂತಲೇ ಹೇಳಿದ್ರು. ಹೋದ ತಿಂಗಳು ಹಂಗಂದಿದ್ದ ಹಿರಿಯರೊಬ್ರು ನನ್ನ ಫೋಟೋಗಳನ್ನ ಹಿಂದೆ ಮುಂದೆ ಮಾಡಿ ನೋಡಿ, ಕನ್ನಡಕ ತೆಗೆದು ಒರೆಸ್ಕೊಂಡು, ಮತ್ತೆ ನೋಡಿ "ಇನ್ನೊಂದಿದ್ರೆ ನಂಗೆ ಕೊಡ್ತೀಯೇನಪ್ಪಾ" ಅಂದ್ರು. ಅದಕ್ಕೇ ಬರೀತಿದೀನಿ.

ನಾಣ್ಯ ಏನೋ ಅಪರೂಪದ್ದಲ್ಲ, ನಕ್ಷೆ ಇರೋ ಹಳೇ 2 ರೂಪಾಯಿ, ಹನ್ನೊಂದು ಮೂಲೇದು, 6 ಗ್ರಾಂ ಕ್ಯುಪ್ರೋ ನಿಕಲ್ (ತಾಮ್ರ ನಿಕಲ್ ಮಿಶ್ರಲೋಹ), ಇಸವಿ ಕೆಳಗೆ ನೋಯ್ಡಾ ಟಂಕಸಾಲೆ ಗುರುತಿನ ಚುಕ್ಕೆ. ಯಾವ ಇಸವಿ ಅಂತ ಈಗಲೇ ಹೇಳಲ್ಲ, ನಂಗಿನ್ನೂ ಒಂದೆರಡು ಹುಡುಕ್ಕೊಳ್ಳೋದಿದೆ. 'ನ್ಯಾಷನಲ್' ಅನ್ನೋ ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲನೇ ಎನ್ನಿನ ಮೂಲೆ ಇಬ್ಭಾಗ ಆಗಿದೆ, ಮಧ್ಯೆ ಸಣ್ಣ ಕಚ್ಚು. ಮಷೀನ್ ಡಬ್ಲಿಂಗಲ್ಲಿ ಅಕ್ಷರ ಪಕ್ಕಕ್ಕೆ ಸವರಿದಂಗೆ ಚಪ್ಪಟೆ ಮೆಟ್ಟಿಲು ಬರುತ್ತೆ, ಅಕ್ಷರವೇ ತೆಳ್ಳಗಾಗುತ್ತೆ, ಅದು ನಿಮಗೆಲ್ಲಾ ಗೊತ್ತಿರೋದೇ. ಇದರಲ್ಲಿ ಜೋಡಿ ಬಿದ್ದ ಎನ್ ಗುಂಡಗೆ ಉಬ್ಬಿಕೊಂಡಿದೆ, ಅಕ್ಷರ ದಪ್ಪ ಆಗಿದೆ. ಲೂಪಲ್ಲಿ (ಪುಟ್ಟ ಭೂತಗನ್ನಡಿ) ನನ್ನ ಕಣ್ಣಿಗೆ ಕಾಣ್ತಿತ್ತು, ಫೋಟೋದಲ್ಲಿ ಮಾತ್ರ ಬರ್ತಾನೇ ಇರ್ಲಿಲ್ಲ.

ಮೊದಲು ಫೋನ್, ಆಮೇಲೆ ಸ್ಕ್ಯಾನರ್ (ಅದರಲ್ಲಿ ಲಸ್ಟರ್, ಅಂದ್ರೆ ಹೊಸ ನಾಣ್ಯದ ಹೊಳಪು, ಪೂರ್ತಿ ಸತ್ತು ನಾಣ್ಯ ಸೀಸದ ಬಿಲ್ಲೆ ತರ ಕಾಣುತ್ತೆ), ಆಮೇಲೆ ಸುಮಾರು ಎರಡು ಸಾವಿರದ ಯುಎಸ್‌ಬಿ ಮೈಕ್ರೋಸ್ಕೋಪ್. ಅದರ ಸುತ್ತ ಇರೋ ಎಂಟು ಎಲ್‌ಇಡಿ ಬೆಳಕು ನಾಲ್ಕೂ ಕಡೆಯಿಂದ ಬಿದ್ದು ಉಬ್ಬು ತಗ್ಗು ಎಲ್ಲಾ ಒಂದೇ ಆಗ್ಬಿಡ್ತಿತ್ತು. ರಿಂಗ್ ಲೈಟಿಗೆ ಇನ್ನೊಂದು ಸಾವಿರದ ಐನೂರೋ ಏನೋ, ಅದೂ ದಂಡ. ಕೊನೆಗೆ ಸೆಕೆಂಡ್ ಹ್ಯಾಂಡ್ ಮ್ಯಾಕ್ರೋ ಲೆನ್ಸ್, ಹೆಚ್ಚೂ ಕಮ್ಮಿ ಹನ್ನೊಂದು ಸಾವಿರ, ಮನೇಲಿ ಆರು ಸಾವಿರ ಅಂತ ಹೇಳಿದ್ದೆ.

ಲೆನ್ಸ್ ಬಂದ್ಮೇಲೂ ಮೂರು ತಿಂಗಳು ಒದ್ದಾಡ್ದೆ. ಜಾಸ್ತಿ ಶಾರ್ಪ್ ಬರ್ಲಿ ಅಂತ ಲೆನ್ಸಿನ ಕಿಂಡೀನ ಎಫ್ 16ಕ್ಕೆ ಮುಚ್ತಿದ್ದೆ, ಅಷ್ಟು ಹತ್ತಿರದಲ್ಲಿ ಅಷ್ಟು ಮುಚ್ಚಿದ್ರೆ ಡಿಫ್ರಾಕ್ಷನ್ನಿಂದ (ಸಣ್ಣ ಕಿಂಡೀಲಿ ಬೆಳಕು ಹರಡೋದು) ಎಲ್ಲಾ ಮಂಜು ಮಂಜು. ಎಫ್ 5.6ಕ್ಕೆ ಬಂದ್ಮೇಲೆ ಮಂಜು ಹೋಯ್ತು. ಅಷ್ಟು ತೆರೆದಾಗ ಕ್ಯಾಮೆರಾ ಕೂದಲೆಳೆ ಓರೆ ಇದ್ರೂ ಒಂದು ಕಡೆ ಫೋಕಸ್ ಹೋಗುತ್ತೆ, ಅದಕ್ಕೆ ನಾಣ್ಯ ಇಡೋ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಟ್ಟು, ಲೆನ್ಸಿನ ಪ್ರತಿಬಿಂಬ ಸರಿಯಾಗಿ ಫ್ರೇಮಿನ ಮಧ್ಯಕ್ಕೆ ಬರೋವರ್ಗೂ ಸ್ಟ್ಯಾಂಡ್ ಸರಿ ಮಾಡಿ. ಕನ್ನಡಿ ತೆಗೀರಿ, ನಾಣ್ಯ ಇಡಿ, ಅಷ್ಟೇ.

ಅಸಲಿ ವಿಷಯ ಬೆಳಕು. ಚಂದದ ಫೋಟೋಗೆ ಎಲ್ಲರೂ ಗಡಿಯಾರದ ಹತ್ತು ಗಂಟೆ, ಎರಡು ಗಂಟೆ ಜಾಗದಲ್ಲಿ ಎರಡು ಲೈಟ್ ಇಡ್ತಾರೆ, ನಾನೂ ಹಂಗೇ ಮಾಡ್ತಿದ್ದೆ. ಡೈ ಕೆಲಸಕ್ಕೆ ಅದು ಬೇಡ. ಒಂದೇ ಲೈಟು, ಟೇಬಲ್ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ, ಗಡಿಯಾರದ ಮುಳ್ಳಿನ ತರ ಸುತ್ತ ಹನ್ನೆರಡು ಕಡೆ ಸರಿಸ್ತಾ ಹನ್ನೆರಡು ಫೋಟೋ. ನಾಣ್ಯ ಅಲ್ಲಾಡಬಾರ್ದು. ಲೈಟಿನ ಮುಂದೆ ಏನು ಅಡ್ಡ ಇಡ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ. ನನ್ನ ನಾಣ್ಯದಲ್ಲಿ ಡಬ್ಲಿಂಗ್ ಬರೀ ನಾಲ್ಕು ಗಂಟೆ ಮತ್ತು ಐದು ಗಂಟೆ ಫೋಟೋದಲ್ಲಿ ಮಾತ್ರ ಕಾಣೋದು, ಉಳಿದ ಹತ್ತರಲ್ಲಿ ಏನೂ ಇಲ್ಲ! ಅಷ್ಟು ದಿನ ಯಾಕೆ ಸಿಗ್ಲಿಲ್ಲ ಅಂತ ಆವತ್ತು ರಾತ್ರಿ ಗೊತ್ತಾಯ್ತು.

ಇದೇ ಲೈಟಲ್ಲಿ ಮನೇಲಿದ್ದ 1912ರ ಜಾರ್ಜ್ ರೂಪಾಯಿನೂ ತೆಗೆದೆ. 1911ರದ್ರಲ್ಲಿ ರಾಜನ ನಿಲುವಂಗಿ ಮೇಲಿನ ಆನೆ ಹಂದಿ ತರ ಕಾಣುತ್ತೆ ಅಂತ ಗಲಾಟೆಯಾಗಿ ಮುಂದಿನ ವರ್ಷ ಆನೆ ತಿದ್ದಿದ್ರಲ್ಲಾ, ಆ ಸೊಂಡಿಲು ಎಡಗಡೆ ಬೆಳಕಲ್ಲಿ ಎಷ್ಟು ಚೆನ್ನಾಗಿ ಎದ್ದು ಬಂತು ಅಂದ್ರೆ ಅರ್ಧ ಗಂಟೆ ಅದನ್ನೇ ನೋಡ್ತಾ ಕೂತೆ. ಅದೇ ಖುಷೀಲಿ ನನ್ನ 1862ರ ವಿಕ್ಟೋರಿಯಾ ರೂಪಾಯಿ ಇಟ್ಟೆ, ಮನಸ್ಸು ಮುರೀತು. 1862 ಅನ್ನೋ ಇಸವಿ ವರ್ಷಗಟ್ಟಲೆ ಹಂಗೇ ಉಳಿಸಿ ಅಚ್ಚು ಹಾಕಿದ್ರಿಂದ ಅದರಲ್ಲಿ ಚುಕ್ಕೆ ಎಣಿಸಿ ಅಸಲಿ ವರ್ಷ ಊಹಿಸೋದೇ ಆಟ ಅಲ್ವಾ, ಒಳ್ಳೇ ಚುಕ್ಕೆ ಅಂತ ಐದು ಸಾವಿರದ ಚಿಲ್ಲರೆ ಕೊಟ್ಟು ಯುಎನ್‌ಸಿ (ಬಳಕೆಯಾಗದ್ದು) ಅಂತ ತಗೊಂಡಿದ್ದೆ. ಓರೆ ಬೆಳಕಲ್ಲಿ ಮೈತುಂಬಾ ಒಂದೇ ದಿಕ್ಕಿನ ಸಣ್ಣ ಗೀರು, ಯಾರೋ ಪುಡಿ ಹಾಕಿ ತಿಕ್ಕಿದ್ದಾರೆ. ಮಾರಿದವರು ಫೋನೇ ಎತ್ತಲಿಲ್ಲ. ಗ್ರೇಡಿಂಗಿಗೂ (ನಾಣ್ಯದ ಸ್ಥಿತಿ ಅಳೆಯೋಕೆ) ಅವತ್ತಿಂದ ಇದೇ ಲೈಟು. ಉಬ್ಬಿದ ಜಾಗದಲ್ಲಿ ವಿವರ ಇಲ್ದಿದ್ರೂ ಲಸ್ಟರ್ ಓಡ್ತಿದ್ರೆ ಅದು ಅಚ್ಚು ಸರಿಯಾಗಿ ಬೀಳದೇ ಇರೋದು, ಮಂಕಾಗಿದ್ರೆ ಸವೆತ. ಎಷ್ಟೋ ಜನ ಇದನ್ನ ಬೆರೆಸಿ ಒಳ್ಳೇ ನಾಣ್ಯಾನ ಎಯು (ಸ್ವಲ್ಪ ಸವೆದದ್ದು) ಅಂತ ಇಳಿಸ್ತಾರೆ.

ಇಷ್ಟಾದ್ರೂ ಹಿರಿಯರು ಒಪ್ಪಲಿಲ್ಲ. "ಒಂದು ನಾಣ್ಯದಿಂದ ಏನು ಹೇಳೋಕಾಗುತ್ತೆ, ಇನ್ನೊಂದು ತಾ" ಅಂದ್ರು. ಅದು ನ್ಯಾಯದ ಮಾತೇ. ಡೈನಲ್ಲೇ ದೋಷ ಇದ್ರೆ ಅದರಿಂದ ಬಿದ್ದ ನಾಣ್ಯದಲ್ಲೆಲ್ಲಾ ಅದೇ ಇರ್ಬೇಕು, ಮಷೀನ್ ಅಲುಗಾಟ ಆದ್ರೆ ನಾಣ್ಯ ನಾಣ್ಯಕ್ಕೂ ಬೇರೆ. ಏಳೆಂಟು ತಿಂಗಳಲ್ಲಿ ಸುಮಾರು ನಾಲ್ಕು ಸಾವಿರ ನಾಣ್ಯ ಜಾಲಾಡಿದೀನಿ (ಎಲ್ಲಿಂದ ತರ್ತೀನಿ ಅಂತ ಕೇಳ್ಬೇಡಿ), ಇನ್ನೆರಡು ಸಿಕ್ವು. ಮೂರರ ಐದು ಗಂಟೆ ಫೋಟೋಗಳನ್ನ ಅರ್ಧ ಪಾರದರ್ಶಕ ಮಾಡಿ ಒಂದರ ಮೇಲೊಂದು ಇಟ್ಟೆ, ಕಚ್ಚು ಸರಿಯಾಗಿ ಕೂತ್ಕೊಳ್ತು. ಅದಕ್ಕಿಂತ ದೊಡ್ಡದು ಏನಂದ್ರೆ ಎನ್ ಪಕ್ಕದಿಂದ ಅಂಚಿನ ಕಡೆಗೆ ಒಂದು ಸಣ್ಣ ಡೈ ಕ್ರ್ಯಾಕ್. ಮೊದಲನೇದ್ರಲ್ಲಿ ಅಕ್ಷರದ ಬುಡದಲ್ಲಿ ಬರೀ ಗೆರೆ, ಎರಡನೇದ್ರಲ್ಲಿ ಅರ್ಧ ದಾರಿ ಬಂದಿದೆ, ಮೂರನೇದ್ರಲ್ಲಿ ಅಂಚಿಗೇ ಮುಟ್ಟಿದೆ. ಒಂದೇ ಡೈ, ದಿನ ಕಳೆದಂಗೆ ಬಿರುಕು ಬಿಟ್ಟಿದ್ದು ಮೂರು ಫೋಟೋದಲ್ಲಿ ಕಣ್ಣೆದುರಿಗಿದೆ.

ಹಿರಿಯರಿಗೆ ಎರಡನೇದನ್ನ ನಾಲ್ಕು ಸಾವಿರಕ್ಕೆ ಕೊಟ್ಟೆ, ಫೋಟೋ ಪ್ರಿಂಟ್ ಸಮೇತ. ಪಿವಿಸಿ ಫ್ಲಿಪ್ಪಲ್ಲಿ (ಮೆತ್ತನೆ ಪ್ಲಾಸ್ಟಿಕ್ ಕವರ್) ಇಡ್ಬೇಡಿ ಸಾರ್, ಹಸಿರು ಜಿಡ್ಡು ಬರುತ್ತೆ ಅಂತ ಅಲ್ಲೇ ಮೈಲಾರ್ ಕವರ್‌ಗೆ ಹಾಕಿಸ್ದೆ. ಬಿರುಕು ಅಂಚಿಗೆ ಮುಟ್ಟಿರೋದು ಕೊಡಲ್ಲ, ಎಷ್ಟು ಕೊಟ್ರೂ ಕೊಡಲ್ಲ. ಈಗ ಬಿರುಕು ಇನ್ನೂ ಶುರುವೇ ಆಗದೇ ಇರೋದೊಂದು ಬೇಕು, ಅದಕ್ಕೇ ಹುಡುಕ್ತಿದೀನಿ.