ಓದೂ ಬೇಕು, ಆಟವೂ ಬೇಕು: ಅಮೆರಿಕದ ಸಣ್ಣ ಕಾಲೇಜು ಹುಡುಕೋದು ಹೇಗೆ?

ಮಗಳು ಚೆನ್ನಾಗಿ ಆಡ್ತಾಳೆ. ಟೀವಿಯಲ್ಲಿ ಕಾಣುವ ದೊಡ್ಡ ಯೂನಿವರ್ಸಿಟಿ ತಂಡಗಳಿಗೆ ಸಾಲುವಷ್ಟಲ್ಲ, ಆದರೆ ಬಿಟ್ಟುಬಿಡುವಷ್ಟು ಕಡಿಮೆಯೂ ಅಲ್ಲ. ಓದಿನಲ್ಲಿ ಗಟ್ಟಿ. ಫ್ರೀಮಾಂಟ್‌ನಲ್ಲಿರುವ ಕನ್ನಡದ ಮನೆಯಾಗಲಿ, ಬೆಂಗಳೂರಿನ ಟೆನಿಸ್ ಕೋರ್ಟ್ ಪಕ್ಕ ಕಾಯುತ್ತಾ ಕೂತ ಅಪ್ಪ ಅಮ್ಮ ಆಗಲಿ, ಇಂಥ ಮಕ್ಕಳಿಗೆ ಅಮೆರಿಕದಲ್ಲಿ ಒಂದು ಒಳ್ಳೆಯ ದಾರಿ ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಸುಮಾರು ಎರಡು ಸಾವಿರ ವಿದ್ಯಾರ್ಥಿಗಳಿರುವ ಖಾಸಗಿ ಕಾಲೇಜುಗಳು ಅಲ್ಲಿ ಬೇಕಾದಷ್ಟಿವೆ. ತಮ್ಮ ಸುತ್ತಮುತ್ತಲಿನ, ತಮ್ಮಂಥದ್ದೇ ಕಾಲೇಜುಗಳ ಜೊತೆ ಸೇರಿ ಒಂದು ಕಾನ್ಫರೆನ್ಸ್ ಮಾಡಿಕೊಂಡು, ಸೀಸನ್ ಪೂರ್ತಿ ಅವರವರಲ್ಲೇ ಆಡುತ್ತವೆ. ಇವುಗಳಲ್ಲಿ ಬಹಳಷ್ಟು ಇರೋದು ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೂರು ಹಂತಗಳಲ್ಲಿ ಒಂದಾದ ಡಿವಿಷನ್ 3ರಲ್ಲಿ. ಅಲ್ಲಿ 400ಕ್ಕೂ ಜಾಸ್ತಿ ಕಾಲೇಜುಗಳಿವೆ.

ಹೊರಡುವ ಮುಂಚೆ ಒಂದು ಆಸೆ ಕೈಬಿಡಬೇಕು. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ. ಒಂದು ಡಾಲರ್ ಕೂಡ ಇಲ್ಲ. "ಕೊಡಿಸ್ತೀನಿ" ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಮೊದಲು ಕಾನ್ಫರೆನ್ಸ್, ಆಮೇಲೆ ಕಾಲೇಜು

ನಮ್ಮವರು ರ್‍ಯಾಂಕಿಂಗ್ ಪಟ್ಟಿ ಹಿಡಿದು ಕೂರುತ್ತಾರೆ. ನಾನು ಹೇಳೋದು, ಮ್ಯಾಪ್ ಹಿಡಿದು ಕೂರಿ. ಮಗುವಿನ ನಾಲ್ಕು ವರ್ಷದ ವಾರಾಂತ್ಯಗಳು ಹೇಗಿರುತ್ತವೆ, ಎಷ್ಟು ಕ್ಲಾಸ್ ತಪ್ಪುತ್ತೆ, ಎದುರಾಳಿ ಎಷ್ಟು ಗಟ್ಟಿ, ಇದನ್ನೆಲ್ಲ ಬಹಳ ಮಟ್ಟಿಗೆ ನಿರ್ಧರಿಸೋದು ಕಾನ್ಫರೆನ್ಸ್.

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಕಡೆಯ ನೆಸ್ಕ್ಯಾಕ್ ಕಾನ್ಫರೆನ್ಸ್ ಅನ್ನೇ ತಗೊಳ್ಳಿ. ಆಮ್‌ಹರ್ಸ್ಟ್, ವಿಲಿಯಮ್ಸ್, ಬೋಡನ್, ವೆಸ್ಲಿಯನ್ ಈ ನಾಲ್ಕು ಕಾಲೇಜುಗಳು 1955ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಬೆಳೆದು, 1971ರಲ್ಲಿ ಕಾನ್ಫರೆನ್ಸ್ ಆಯಿತು. ಈಗ 11 ಕಾಲೇಜುಗಳಿವೆ. ಓದಿನ ಮೇಲೆ ಆಟ ಸವಾರಿ ಮಾಡಬಾರದು ಅನ್ನೋದು ಮೊದಲಿಂದಲೂ ಅವರ ನಿಲುವು. ಹಾಗಂತ ಆಟ ಅಲ್ಲಿ ಸುಮ್ನೆ ಕಾಲಹರಣ ಅಲ್ಲ. ಆಮ್‌ಹರ್ಸ್ಟ್ ಮತ್ತು ವಿಲಿಯಮ್ಸ್ 1859ರಲ್ಲೇ ಅಮೆರಿಕದ ಮೊದಲ ಅಂತರಕಾಲೇಜು ಬೇಸ್‌ಬಾಲ್ ಪಂದ್ಯ ಆಡಿದವು. ಆಮ್‌ಹರ್ಸ್ಟ್ 73-32ರಲ್ಲಿ ಗೆದ್ದಿತು. ಇವತ್ತಿಗೂ ಈ ಎರಡು ಕಾಲೇಜುಗಳಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ವಿದ್ಯಾರ್ಥಿಗಳು ಯಾವುದಾದರೂ ಕಾಲೇಜು ತಂಡದಲ್ಲಿರುತ್ತಾರೆ.

ಈಗ ದೂರ ನೋಡಿ. ಹ್ಯಾಮಿಲ್ಟನ್ ಇರೋದು ನ್ಯೂಯಾರ್ಕ್ ರಾಜ್ಯದ ಕ್ಲಿಂಟನ್‌ನಲ್ಲಿ, ಕೋಲ್ಬಿ ಇರೋದು ಮೇನ್ ರಾಜ್ಯದ ವಾಟರ್‌ವಿಲ್‌ನಲ್ಲಿ. ಬಸ್ಸಿನಲ್ಲಿ ಏಳು ಗಂಟೆ ಹತ್ತಿರ, ಅದೂ ಚಳಿಗಾಲದ ಹಿಮದಲ್ಲಿ. ಅದೇ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬನ್ನಿ. ಅಲ್ಲಿಯ ಸಿಯಾಕ್ ಕಾನ್ಫರೆನ್ಸ್ ಶುರುವಾದದ್ದು 1915ರಲ್ಲಿ. ಕ್ಲೇರ್‌ಮಾಂಟ್ ಊರಿನ ಪೊಮೋನಾದಿಂದ ಪ್ಯಾಸಡಿನಾದ ಕ್ಯಾಲ್‌ಟೆಕ್‌ಗೆ 50 ಕಿಲೋಮೀಟರ್ ಕೂಡ ಇಲ್ಲ, ಮ್ಯಾಚ್ ಮುಗಿಸಿ ರಾತ್ರಿ ಊಟಕ್ಕೆ ಹಾಸ್ಟೆಲ್‌ಗೆ ವಾಪಸ್. ಇನ್ನು ದೂರದೂರದ ಊರುಗಳಲ್ಲಿರುವ ಎಮರಿ, ಶಿಕಾಗೊ, ಎನ್‌ವೈಯು ಇರುವ ಯುಎಎ ಕಾನ್ಫರೆನ್ಸ್‌ನಲ್ಲಿ ಆಡಲು ವಿಮಾನ ಹತ್ತಬೇಕು. ಎಲ್ಲವೂ ಡಿವಿಷನ್ 3ರವೇ. ಮೆಡಿಕಲ್ ಕಡೆ ಹೋಗುವ, ಲ್ಯಾಬ್ ಜಾಸ್ತಿ ಇರುವ ಮಗುವಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನಿಮ್ಮ ಆಟ ಅಲ್ಲಿದೆಯಾ?

ಬ್ಯಾಡ್ಮಿಂಟನ್ ಮಕ್ಕಳ ಮನೆಯವರು ಇಲ್ಲಿ ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಎನ್‌ಸಿಎಎಯಲ್ಲಿ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್ ಇಲ್ಲ. ಕ್ಲಬ್ ಮಟ್ಟದಲ್ಲಿ ಆಡಬಹುದು, ಪ್ರವೇಶಕ್ಕೆ ಕೋಚ್ ಶಿಫಾರಸಿನ ಬಲ ಸಿಗೋದಿಲ್ಲ. ಟೆನಿಸ್, ಈಜು, ಓಟ, ಗಾಲ್ಫ್ ಚೆನ್ನಾಗಿ ನಡೆಯುತ್ತವೆ. ಸ್ಕ್ವಾಶ್ ಕೂಡ. ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ಪುರುಷರ ಸ್ಕ್ವಾಶ್ ತಂಡ 1998ರಿಂದ 2012ರವರೆಗೆ ಸತತ 252 ಪಂದ್ಯ ಗೆದ್ದಿತ್ತು, ಆ ತಂಡಗಳಲ್ಲಿ ಭಾರತದ ಹುಡುಗರೂ ಇದ್ದರು. ಕ್ರಿಕೆಟ್ ಹುಚ್ಚಿನವರಿಗೆ ಒಂದು ಖುಷಿಯ ವಿಷಯ: ಫಿಲಡೆಲ್ಫಿಯಾ ಪಕ್ಕದ ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ಕ್ರಿಕೆಟ್ ಅಧಿಕೃತ ಕಾಲೇಜು ಆಟ, 19ನೇ ಶತಮಾನದಿಂದ ಆಡುತ್ತಿದ್ದಾರೆ, ಕ್ರಿಕೆಟ್‌ಗೇ ಮೀಸಲಾದ ಲೈಬ್ರರಿ ಕೂಡ ಇದೆ.

ದುಡ್ಡಿನ ಲೆಕ್ಕ ಮೊದಲೇ ಹಾಕಿ

ನೆಸ್ಕ್ಯಾಕ್ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟಿದೆ. ಆದರೆ ಎಲ್ಲರೂ ಅಷ್ಟು ಕಟ್ಟೋದಿಲ್ಲ. ಪ್ರತಿ ಕಾಲೇಜಿನ ವೆಬ್‌ಸೈಟ್‌ನಲ್ಲಿ ನೆರವು ಕಳೆದು ನಿಮಗೆ ಎಷ್ಟು ಬೀಳುತ್ತೆ ಅಂತ ಅಂದಾಜು ಹೇಳುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತೆ, ಇಡಲೇಬೇಕು ಅಂತ ಕಾನೂನೇ ಇದೆ. ಅಮೆರಿಕದಲ್ಲಿರುವವರು ಆದಾಯದ ಕಾಗದ ಪಕ್ಕದಲ್ಲಿಟ್ಟುಕೊಂಡು ತುಂಬಿ. ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ಉತ್ತರ ಕಹಿಯಾಗಿರಬಹುದು, ಯಾಕಂದ್ರೆ ವಿಲಿಯಮ್ಸ್, ಆಮ್‌ಹರ್ಸ್ಟ್‌ನಂಥ ಕಡೆ ನೆರವು ಸಿಗೋದು ಆದಾಯ ನೋಡಿ, ಅಂಕ ನೋಡಿ ಅಲ್ಲ. ಅಂಕಕ್ಕೆ ಸ್ಕಾಲರ್‌ಶಿಪ್ ಬೇಕಂದರೆ ಒಹಾಯೊ ಕಡೆ ನೋಡಿ. ಡೆನಿಸನ್, ವೂಸ್ಟರ್, ಓಬರ್ಲಿನ್ ಕೊಡುತ್ತವೆ. ಭಾರತದಿಂದ ಅರ್ಜಿ ಹಾಕುವವರಿಗೆ ಆಮ್‌ಹರ್ಸ್ಟ್ ಮತ್ತು ಬೋಡನ್ ವಿಶೇಷ: ನೆರವು ಕೇಳಿದ್ದೀರಿ ಅನ್ನೋ ಕಾರಣಕ್ಕೆ ಸೀಟು ತಪ್ಪಿಸೋದಿಲ್ಲ.

ರೋಸ್ಟರ್ ಓದಿ, ಆಮೇಲೆ ಕೋಚ್‌ಗೆ ಬರೆಯಿರಿ

ಪ್ರತಿ ತಂಡದ ಆಟಗಾರರ ಪಟ್ಟಿ ವೆಬ್‌ಸೈಟ್‌ನಲ್ಲೇ ಇರುತ್ತೆ, ಯಾರು ಎಷ್ಟನೇ ವರ್ಷ ಅನ್ನೋದರ ಸಮೇತ. ಮೊದಲ ವರ್ಷದವರು 12 ಜನ, ಕೊನೆಯ ವರ್ಷದವರು ಮೂರೇ ಜನ ಇದ್ದರೆ ನಿಲ್ಲಿ. ಉಳಿದ ಒಂಬತ್ತು ಜನ ಎಲ್ಲಿ ಹೋದರು? ಹಳೆಯ ವರ್ಷಗಳ ಪಟ್ಟಿಯೂ ಅಲ್ಲೇ ಸಿಗುತ್ತೆ, ತೆಗೆದು ನೋಡಿ. ಪ್ರತಿ ವರ್ಷ ಹೀಗೇ ಸೋರುತ್ತಿದ್ದರೆ ಆ ತಂಡದಲ್ಲಿ ಏನೋ ಸರಿಯಿಲ್ಲ, ಅಥವಾ ಸೀಟು ತುಂಬಿಸಲು ಬೇಕಾದವರಿಗಿಂತ ಜಾಸ್ತಿ ಮಕ್ಕಳನ್ನು ಕರೆಯುತ್ತಿದ್ದಾರೆ. ಹಣದ ಕಷ್ಟದಲ್ಲಿರುವ ಸಣ್ಣ ಕಾಲೇಜುಗಳು ಹೊಸ ತಂಡ ಕಟ್ಟಿ ವಿದ್ಯಾರ್ಥಿ ಸಂಖ್ಯೆ ಹೆಚ್ಚಿಸಿಕೊಳ್ಳೋದು ಅಲ್ಲಿ ಗುಟ್ಟೇನಲ್ಲ.

ಇಮೇಲ್ ಮಗುವೇ ಬರೆಯಬೇಕು. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಅಪ್ಪ ಬರೆದ ಪತ್ರ ಕೋಚ್‌ಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತೆ. ವಿಷಯದ ಸಾಲಿನಲ್ಲಿ ಶಾಲೆ ಮುಗಿಯುವ ವರ್ಷ, ಆಟ, ಒಂದು ಸಂಖ್ಯೆ ಇರಲಿ: "2028, 800 ಮೀಟರ್, 1:58" ಅನ್ನೋ ಥರ. ಟೆನಿಸ್ ಆದರೆ ಯುಟಿಆರ್, ಅಂದರೆ ಆಟದ ಮಟ್ಟ ತೋರಿಸುವ ರೇಟಿಂಗ್. ಒಳಗೆ ಅಂಕಗಳು, ಎರಡು ನಿಮಿಷದ ವಿಡಿಯೊ ಲಿಂಕ್, ಆ ಕಾಲೇಜೇ ಯಾಕೆ ಅನ್ನೋದಕ್ಕೆ ಒಂದು ನಿಜವಾದ ಕಾರಣ. ಸಾಕು.

ಪ್ರೀ-ರೀಡ್ ಅಂದರೆ

ಶಾಲೆಯ ಕೊನೆಯ ವರ್ಷ ಶುರುವಾಗುವ ಮುಂಚಿನ ಜುಲೈನಲ್ಲಿ ಕೋಚ್ ನಿಮ್ಮ ಅಂಕಪಟ್ಟಿ, ಟೆಸ್ಟ್ ಸ್ಕೋರ್, ಮುಂದಿನ ವರ್ಷದ ವಿಷಯಗಳ ಪಟ್ಟಿ ಕೇಳಬಹುದು. ಅದನ್ನು ಅಡ್ಮಿಷನ್ ಕಚೇರಿ ನೋಡಿ, ಆಗುತ್ತಾ ಇಲ್ಲವಾ ಅಂತ ಕೋಚ್‌ಗೆ ಸುಳಿವು ಕೊಡುತ್ತೆ. ಇದು ಸೀಟಲ್ಲ. ಆಗ ಮಗು ನೇರವಾಗಿ ಕೇಳಬೇಕು: "ನಾನು ಅರ್ಲಿ ಡಿಸಿಷನ್ ಹಾಕಿದರೆ ಅಡ್ಮಿಷನ್ ಕಚೇರಿಯಲ್ಲಿ ನನ್ನ ಪರವಾಗಿ ನಿಲ್ಲುತ್ತೀರಾ?" ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದ್ದರೆ ಇಲ್ಲ ಅಂತಲೇ ತಿಳಿದು ಇನ್ನೊಂದು ಕಾಲೇಜಿನ ಜೊತೆ ಮಾತು ಮುಂದುವರಿಸಿ. ಅರ್ಲಿ ಡಿಸಿಷನ್ ಅರ್ಜಿಗೆ ಮಗು, ಪೋಷಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ, ಸೀಟು ಸಿಕ್ಕರೆ ಅಲ್ಲೇ ಸೇರಬೇಕು.

ಆ ಸಹಿಗೆ ಮುಂಚೆ ಕಾಲೇಜಿನ ಆರೋಗ್ಯ ನೋಡಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ 1856ರಲ್ಲಿ ಹುಟ್ಟಿದ ಕಾಲೇಜು. ದುಡ್ಡಿಲ್ಲದೆ 2024ರ ಮೇ 31ರಂದು ಬಾಗಿಲು ಮುಚ್ಚಿತು. ಅವತ್ತೇ ಅದರ ಬೇಸ್‌ಬಾಲ್ ತಂಡ ಒಹಾಯೊದಲ್ಲಿ ಡಿವಿಷನ್ 3ರ ರಾಷ್ಟ್ರಮಟ್ಟದ ಕೊನೆಯ ಹಂತದ ಟೂರ್ನಿಯಲ್ಲಿ ಆಡುತ್ತಿತ್ತು. ತಂಡ ಎಷ್ಟೇ ಚೆನ್ನಾಗಿರಲಿ, ಅದು ಕಾಲೇಜನ್ನು ಉಳಿಸೋದಿಲ್ಲ. ಕಳೆದ ಐದಾರು ವರ್ಷದಲ್ಲಿ ವಿದ್ಯಾರ್ಥಿ ಸಂಖ್ಯೆ ಏರಿದೆಯಾ ಇಳಿದಿದೆಯಾ, ಯಾವ ವಿಭಾಗ ಮುಚ್ಚಿದ್ದಾರೆ, ಮಾನ್ಯತೆ ಕೊಡುವ ಸಂಸ್ಥೆ ಏನಾದರೂ ಎಚ್ಚರಿಕೆ ಕೊಟ್ಟಿದೆಯಾ, ಇವೆಲ್ಲ ಹುಡುಕಿದರೆ ಸಿಗುವ ಮಾಹಿತಿ. ಭೇಟಿಗೆ ಹೋದಾಗ ಮುಜುಗರ ಪಡದೆ ಕೇಳಿ.

ಭಾರತದಿಂದ ಹೋಗುವವರಿಗೆ ಇನ್ನೊಂದು ಕೆಲಸ ಇದೆ. ವಿದೇಶಿ ವಿದ್ಯಾರ್ಥಿಗಳು ಡಿವಿಷನ್ 3ರಲ್ಲಿ ಆಡಬೇಕಾದರೂ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಖಾತೆ ತೆರೆದು, ತಾವು ಹವ್ಯಾಸಿ ಆಟಗಾರರು ಅಂತ ಪ್ರಮಾಣಪತ್ರ ಪಡೆಯಬೇಕು. ಟೂರ್ನಿಗಳಲ್ಲಿ ಬಹುಮಾನದ ಹಣ ತಗೊಂಡಿದ್ದರೆ ಯಾವಾಗ, ಎಲ್ಲಿ, ಎಷ್ಟು ಅಂತ ಬರೆದಿಡಿ. ಆ ಟೂರ್ನಿಗೆ ಆದ ಪ್ರಯಾಣ, ಎಂಟ್ರಿ ಫೀಸಿನ ರಸೀದಿಗಳನ್ನೂ ಎಸೆಯಬೇಡಿ. ಈ ಕೆಲಸವನ್ನು ವೀಸಾ ಓಡಾಟದ ಮಧ್ಯೆ ಇಟ್ಟುಕೊಳ್ಳದೆ, ಸೀಟು ಖಚಿತವಾದ ವಾರವೇ ಶುರು ಮಾಡಿ.