ಕೊಟ್ಟಿಗೆಯ ಸಗಣಿ ಕುಡಿಯುವ ನೀರಿಗೆ ಸೇರದಂತೆ ನೋಡಿಕೊಳ್ಳುವುದು ಹೇಗೆ?

ದನ, ಕುರಿ, ಮೇಕೆಗಳ ಕರುಳಿನಲ್ಲಿ ಅವಕ್ಕೆ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುವ ಇ. ಕೋಲೈ ಓ157 ಎಂಬ ಬ್ಯಾಕ್ಟೀರಿಯಾ ಮನುಷ್ಯರ ಹೊಟ್ಟೆ ಸೇರಿದರೆ ರಕ್ತಭೇದಿಯನ್ನು ಉಂಟುಮಾಡುತ್ತದೆ. ಅದಕ್ಕೆ ನೂರಕ್ಕಿಂತ ಕಡಿಮೆ ಜೀವಾಣುಗಳೂ ಸಾಕಾಗಬಹುದು. ಆದ್ದರಿಂದ ದನ ಆರೋಗ್ಯವಾಗಿದೆ ಎಂದ ಮಾತ್ರಕ್ಕೆ ಅದರ ಸಗಣಿಯಿಂದ ಅಪಾಯವಿಲ್ಲ ಎಂದು ತಿಳಿಯಬಾರದು.

ಮೊದಲು ನೋಡಬೇಕಾದದ್ದು ಬಾವಿಯನ್ನು. ಕೆನಡಾದ ವಾಕರ್ಟನ್ ಪಟ್ಟಣದಲ್ಲಿ 2000ದ ಮೇ ತಿಂಗಳಲ್ಲಿ ಸುರಿದ ಭಾರಿ ಮಳೆಯು ಪಕ್ಕದ ಜಮೀನಿನ ಸಗಣಿ ಗೊಬ್ಬರದಲ್ಲಿದ್ದ ಜೀವಾಣುಗಳನ್ನು ಆಳವಿಲ್ಲದ ಬಾವಿಯೊಂದಕ್ಕೆ ಇಳಿಸಿತು. ಸಾಕಷ್ಟು ಕ್ಲೋರಿನ್ ಬೆರೆಸದೆ ಪೂರೈಸಿದ ಆ ನೀರನ್ನು ಕುಡಿದು ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಮಂದಿ ತೀರಿಕೊಂಡರು. ಗೊಬ್ಬರ ಹಾಕಿದ ರೈತನದು ತಪ್ಪಿಲ್ಲವೆಂದು ವಿಚಾರಣಾ ವರದಿ ಹೇಳಿತು. ಗೊಬ್ಬರವನ್ನು ಕ್ರಮಬದ್ಧವಾಗಿ ಬಳಸಿದರೂ ಬಾವಿಗೆ ಪ್ರತ್ಯೇಕ ರಕ್ಷಣೆ ಬೇಕೇ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಾಣದು.

ಜೋರು ಮಳೆ ಬಂದಾಗ ಕೊಟ್ಟಿಗೆಯಿಂದ ಹೊರಟ ಕಂದು ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನಿಂತು ಗಮನಿಸಿ. ಅದು ಬಾವಿಯತ್ತ ಬರುತ್ತಿದ್ದರೆ ಕಾಲುವೆ ತೋಡಿ ಬೇರೆಡೆಗೆ ತಿರುಗಿಸಿ, ತಿಪ್ಪೆಯನ್ನು ಬಾವಿಗಿಂತ ತಗ್ಗಿನ ಜಾಗಕ್ಕೆ, ಸಾಧ್ಯವಾದಷ್ಟು ದೂರಕ್ಕೆ ಸಾಗಿಸಿ. ಬಾವಿಯ ಕಟ್ಟೆ ನೆಲಮಟ್ಟಕ್ಕಿಂತ ಎತ್ತರವಾಗಿರಬೇಕು, ಬಾಯಿಗೆ ಮುಚ್ಚಳವಿರಬೇಕು, ಸುತ್ತಲಿನ ಗಾರೆಯಲ್ಲಿ ಬಿರುಕುಗಳಿದ್ದರೆ ಮಳೆಗಾಲಕ್ಕೆ ಮುನ್ನವೇ ಮುಚ್ಚಿಸಬೇಕು. ಅನುಮಾನವಿದ್ದಾಗ ನೀರು ತಿಳಿಯಾಗಿದೆಯೆಂದು ನಂಬದೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ನೀರನ್ನು ಕೊತಕೊತ ಕುದಿಯಲು ಬಿಟ್ಟು 1 ನಿಮಿಷ ಹಾಗೆಯೇ ಕುದಿಸಿ ಕುಡಿಯಿರಿ.

ಹಸಿ ಸಗಣಿಯನ್ನು ಸೊಪ್ಪು, ಕ್ಯಾರೆಟ್, ಮೂಲಂಗಿಯಂತಹ ಹಸಿಯಾಗಿ ತಿನ್ನುವ ಬೆಳೆಗೆ ಹಾಕಬೇಡಿ. ಹಾಕಲೇಬೇಕಾದರೆ ಕೊಯ್ಲಿಗೆ ಕನಿಷ್ಠ 120 ದಿನ ಮೊದಲೇ ಮಣ್ಣಿಗೆ ಸೇರಿಸಿ. ಕಾಂಪೋಸ್ಟ್ ಮಾಡುವುದು ಇದಕ್ಕಿಂತ ಒಳ್ಳೆಯದು. ಆದರೆ ರಾಶಿಯ ಒಳಭಾಗ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿದ್ದರೂ ಹೊರಪದರ ತಣ್ಣಗೇ ಉಳಿದು ಅಲ್ಲಿನ ಜೀವಾಣುಗಳು ಬದುಕಿಕೊಳ್ಳುವುದರಿಂದ, ಆ ಬಿಸಿಯನ್ನು 15 ದಿನ ಕಾಯ್ದುಕೊಳ್ಳುತ್ತಾ ರಾಶಿಯನ್ನು ಕನಿಷ್ಠ 5 ಸಲ ಮಗುಚಬೇಕಾಗುತ್ತದೆ.

ಕೊಟ್ಟಿಗೆಯ ಕೆಲಸ ಮುಗಿದೊಡನೆ ಸಾಬೂನು ಹಚ್ಚಿ 20 ಸೆಕೆಂಡು ಕೈ ಉಜ್ಜಿ ತೊಳೆಯಿರಿ. ಸಗಣಿ ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ಹಸಿ ಹಾಲನ್ನು ಕಾಯಿಸದೆ ಕುಡಿಯಬೇಡಿ.

ಭೇದಿಯಲ್ಲಿ ರಕ್ತ ಕಂಡರೆ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳಲ್ಲಿ, ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ ಆಂಟಿಬಯೋಟಿಕ್‌ಗಳನ್ನಾಗಲಿ ಸ್ವಂತ ನಿರ್ಧಾರದಿಂದ ಕೊಡದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. ಈ ಸೋಂಕು ಕೆಲವು ಮಕ್ಕಳಲ್ಲಿ ಮೂತ್ರಪಿಂಡಗಳನ್ನೇ ಕೆಡಿಸುವುದರಿಂದ, ಮನೆಯಲ್ಲಿ ದನಕರುಗಳಿವೆ ಎಂಬುದನ್ನೂ ಮಗು ಮೂತ್ರ ಮಾಡುವುದು ಕಡಿಮೆಯಾಗಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ.