ಬೈತಖೋಲದ ನೀರಲ್ಲಿ ಮೂರು ತಿಂಗಳು: ನನ್ನ ಡ್ರಮ್ ಲೇಬಲ್ ಪುರಾಣ

ಹಡಗಿನಲ್ಲಿ ರಫ್ತಾಗುವ ವಿಷದ ಮಾಲಿನ ಡ್ರಮ್ಮುಗಳಿಗೆ ಅಪಾಯದ ಲೇಬಲ್ ಹಚ್ಚುವುದು ನನ್ನ ಕೆಲಸ. ಈ ಮಳೆಗಾಲದಲ್ಲಿ ನನ್ನ ಕೈಯಿಂದ ಹದಿನಾಲ್ಕೋ ಹದಿನೈದೋ ಕಂಟೇನರ್ ಹೋದವು. ಲೇಬಲ್ ಕಿತ್ತು ಬಂದಿದೆ ಅಂತ ಒಂದೇ ಒಂದು ಫೋನ್ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಫಾರ್ವರ್ಡರ್ (ರಫ್ತು ಮಾಲನ್ನು ಹಡಗಿಗೆ ಕಳಿಸಿಕೊಡುವ ಏಜೆಂಟ್) ಒಬ್ಬರು, 'ಕಾರವಾರದಲ್ಲಿ ಕೂತು ಇದೆಲ್ಲ ಆಗೋದಲ್ಲ ಮಾರಾಯ, ಮುಂಬೈಯಿಂದ ರೆಡಿ ಲೇಬಲ್ ತರಿಸ್ಕೋ' ಎಂದಿದ್ದರು. ಈಗ ಅವರ ಪಾರ್ಟಿಗಳ ಡ್ರಮ್ಮೂ ನನ್ನ ಶೆಡ್ಡಿಗೇ ಬರುತ್ತದೆ.

ಮೊದಲು ನಾನು ಬೋಟುಗಳಿಗೆ ನಂಬರ್ ಬರೆಯುತ್ತಿದ್ದೆ, ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೆ. ಆಮೇಲೆ ಬೇರೆಯವರ ರಫ್ತು ಮಾಲಿಗೆ ಪ್ಯಾಕಿಂಗ್, ಮಾರ್ಕಿಂಗ್. ಜಾಸ್ತಿ ಬರೋದು ಅಪಾಯಕಾರಿ ಮಾಲಿನ ವರ್ಗಗಳಲ್ಲಿ 6.1, ಅಂದರೆ ವಿಷ, ತಲೆಬುರುಡೆ ಮಾಲು.

ಹೊಡೆತ ಬಿದ್ದದ್ದು ಯುಎನ್ 2810ರ (ವಿಷದ ಸಾವಯವ ದ್ರವಗಳಿಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ನಂಬರ್) ಒಂದು ಲೋಡಿನಲ್ಲಿ. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ 80, ಇಪ್ಪತ್ತು ಅಡಿಯ ಕಂಟೇನರ್, ಜೂನ್ ತಿಂಗಳು. ಕಾಗದದ ಲೇಬಲ್, ವ್ಯಾಕ್ಸ್ ರಿಬ್ಬನ್ನಿನ (ಮೇಣದ ಶಾಯಿಯ ಪಟ್ಟಿ) ಪ್ರಿಂಟ್. ಲೋಡ್ ಮಾಡುವಾಗ ಮಳೆ. ಬಂದರಿನಲ್ಲಿ ಬಾಗಿಲು ತೆಗೆದಾಗ ಹನ್ನೊಂದು ಡ್ರಮ್ಮಿನ ಲೇಬಲ್ ಹಪ್ಪಳದ ಹಾಗೆ ಸುರುಳಿ ಸುತ್ತಿ ಕೆಳಗೆ ಬಿದ್ದಿತ್ತಂತೆ. ಮಾಲು ಇಳಿಸಿ, ಮತ್ತೆ ಅಂಟಿಸಿ, ಬಾಡಿಗೆ ಎಲ್ಲ ಸೇರಿ ಅರವತ್ತು ಸಾವಿರದ ಆಸುಪಾಸು. ಪಾರ್ಟಿ ಅದನ್ನು ನನ್ನ ಬಿಲ್ಲಿನಿಂದಲೇ ಮುರಿದುಕೊಂಡಿತು. ಆ ವರ್ಷ ಚೌತಿಗೆ ಮನೆಯಲ್ಲಿ ನಾನು ಜಾಸ್ತಿ ಮಾತಾಡಲಿಲ್ಲ.

ಮುಂದಿನ ಲೋಡಿಗೆ ಬುದ್ಧಿವಂತಿಕೆ ತೋರಿಸಿದೆ. ಯುಎನ್ ನಂಬರ್, ಹೆಸರು, ತಲೆಬುರುಡೆ, ಸಮುದ್ರಕ್ಕೆ ಹಾನಿ ಎಂದು ಹೇಳುವ ಸತ್ತ ಮೀನಿನ ಗುರುತು, ಎಲ್ಲವನ್ನೂ ಒಂದೇ ದೊಡ್ಡ ಬಿಳಿ ಹಾಳೆಯಲ್ಲಿ ಪ್ರಿಂಟ್ ಮಾಡಿದೆ. ಅಂಚು ಕಡಿಮೆಯಾದಷ್ಟೂ ಏಳೋದು ಕಡಿಮೆ, ಅಲ್ವಾ? ಐಡಿಯಾ ಸರಿಯೇ ಇತ್ತು. ಆದರೆ 6.1ರ ಲೇಬಲ್ಲೇ ಬಿಳಿ. ಬಿಳಿ ಹಾಳೆ ಮೇಲೆ ಬಿಳಿ ವಜ್ರಾಕಾರ. ಹೊರಗಿನ ಅಂಚಿಗೆ ಗೆರೆ ಹಾಕಿರಲಿಲ್ಲ, ಒಳಗೆ 5 ಮಿ.ಮೀ. ಬಿಟ್ಟು ಬರುವ ಗೆರೆ ಮಾತ್ರ ಇತ್ತು. ನೋಡಿದವರಿಗೆ 100 ಮಿ.ಮೀ. ಲೇಬಲ್ 90ರ ಹಾಗೆ ಕಂಡಿತು, ವಾಪಸ್. ಯುಎನ್ ನಂಬರಿನ ಅಕ್ಷರ 12 ಮಿ.ಮೀ. ಎತ್ತರ ಬೇಕು ಅಂತ ಗೊತ್ತಿದ್ದೂ, ಜಾಗ ಸಾಲದೆ ಅದನ್ನು ಕುಗ್ಗಿಸಿದ್ದೆ. ಹೆಸರಿನ ಕೊನೆಯ ಎನ್.ಒ.ಎಸ್. (ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲದ್ದು) ಆದ ಮೇಲೆ ಆವರಣದಲ್ಲಿ ರಾಸಾಯನಿಕದ ನಿಜವಾದ ಹೆಸರು ಬರಬೇಕಿತ್ತು, ಅಲ್ಲಿ ಪಾರ್ಟಿ ಕೊಟ್ಟ ಬ್ರ್ಯಾಂಡ್ ಹೆಸರು ಕೂತಿತ್ತು. ಒಂದೇ ಹಾಳೆಯಲ್ಲಿ ಮೂರು ತಪ್ಪು. ಎರಡು ರೋಲ್ ಕಸಕ್ಕೆ ಹೋಯಿತು, ಏಳೆಂಟು ಸಾವಿರ.

ಅಷ್ಟು ಹೊತ್ತಿಗೆ ಐಎಂಡಿಜಿ ಕೋಡ್‌ನ (ಹಡಗಿನಲ್ಲಿ ಅಪಾಯಕಾರಿ ಮಾಲು ಸಾಗಿಸುವ ಅಂತರರಾಷ್ಟ್ರೀಯ ನಿಯಮ) ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತ್ತು: ಮೂರು ತಿಂಗಳು ಸಮುದ್ರದಲ್ಲಿ ಮುಳುಗಿದ್ದರೂ ಗುರುತು ಓದಲು ಬರಬೇಕು. ಎಲ್ಲರೂ ಇದಕ್ಕೆ ಬಿಎಸ್ 5609 (ಸಮುದ್ರದ ನೀರು ತಡೆಯುವ ಲೇಬಲ್ಲಿನ ಬ್ರಿಟಿಷ್ ಮಾನದಂಡ) ಸರ್ಟಿಫಿಕೇಟ್ ಕೇಳುತ್ತಾರೆ. ಸರಿ, ಆ ಸರ್ಟಿಫಿಕೇಟ್ ಇರುವ ಫಿಲ್ಮನ್ನೇ ತರಿಸಿದೆ, ರೆಸಿನ್ (ರಾಳದ ಶಾಯಿಯ) ರಿಬ್ಬನ್ನೂ ತಂದೆ. ಆದರೂ ಆಗಸ್ಟಿನ ಒಂದು ಲೋಡಿನಲ್ಲಿ ನಾಲ್ಕು ಮೂಲೆ ಎದ್ದವು. ಫಿಲ್ಮ್ ಸರಿ, ಪ್ರಿಂಟ್ ಸರಿ, ಡ್ರಮ್ಮೇ ಸರಿ ಇಲ್ಲ ಎಂದು ಆಗ ಅನ್ನಿಸಿತು. ಫಾರ್ವರ್ಡರ್ ಒಪ್ಪಲಿಲ್ಲ. ನನ್ನ ಭಾವನೂ ಒಪ್ಪಲಿಲ್ಲ. ಭಾವ ಯಾವುದನ್ನೂ ಒಪ್ಪುವುದಿಲ್ಲ, ಆ ಮಾತು ಬೇರೆ.

ನಮ್ಮೂರಲ್ಲಿ ಸಮುದ್ರಕ್ಕೆ ಬರವೇ? ಮರುವರ್ಷ ಹೊಸ ಡ್ರಮ್ ಒಂದನ್ನು ಕತ್ತರಿಸಿ ಆರು ತುಂಡು ಮಾಡಿದೆ. ಬೇರೆಬೇರೆ ರೀತಿ ಒರೆಸಿ ಲೇಬಲ್ ಹಚ್ಚಿದೆ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ನಿಂತಿದ್ದ ಪರಿಚಯದ ಬೋಟಿನ ಬದಿಗೆ ಕಟ್ಟಲು ಹೋದೆ. ಬೋಟು ನಡೆಸುವ ತಾಂಡೇಲರು ಲೇಬಲ್ ನೋಡಿದ್ದೇ ತಡ, 'ಸತ್ತ ಮೀನಿನ ಚಿತ್ರ ನನ್ನ ಬೋಟಿಗೆ ಕಟ್ತೀಯಾ? ತಲೆ ಸರಿ ಇದ್ಯಾ ನಿಂಗೆ?' ಎಂದರು. ತಪ್ಪು ನಂದೇ, ಮೀನುಗಾರರ ಮುಂದೆ ಹಿಡಿಯುವ ಚಿತ್ರ ಅಲ್ಲ ಅದು. ಕೊನೆಗೆ ಮೀನಿನ ಕಡೆ ಒಳಮುಖ ಮಾಡಿ, ಬುರುಡೆ ಮಾತ್ರ ಕಾಣುವ ಹಾಗೆ ಕಟ್ಟಲು ಒಪ್ಪಿದರು. ಬುರುಡೆ ಅವರಿಗೆ ಪರವಾಗಿಲ್ಲವಂತೆ!

ಲೆಕ್ಕ ತಪ್ಪಿದ್ದು ಇಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, 61 ದಿನ. ನನಗೆ ಬೇಕಾದದ್ದು ತೊಂಬತ್ತು. ಆಗಸ್ಟಿನಲ್ಲಿ ಬೋಟು ಹೊರಟಾಗ ಹಗ್ಗ ಕಡಿದರು, ನನಗೆ ಹೇಳಲು ಮರೆತರು. ಈ ಪ್ಲಾಸ್ಟಿಕ್ ನೀರಿನಲ್ಲಿ ತೇಲುತ್ತದೆ. ಹತ್ತು ದಿನದ ಮೇಲೆ ಠಾಣೆಯಿಂದ ಫೋನ್: ದಡಕ್ಕೆ ತಲೆಬುರುಡೆಯ ಹಲಗೆ ಬಂದಿದೆ, ಮೇಲೆ ನಿಮ್ಮ ಫೋನ್ ನಂಬರ್ ಇದೆ, ಬನ್ನಿ. ನೌಕಾನೆಲೆ ಇರುವ ಊರಲ್ಲಿ ಇಂಥದ್ದು ತಮಾಷೆ ಅಲ್ಲ. ಹೋಗಿ ಅರ್ಧ ದಿನ ವಿವರಿಸಿದೆ, ಬೈಸಿಕೊಂಡೆ. ಆದರೆ ಒಳಗೊಳಗೇ ಖುಷಿ. ನಂಬರ್ ಓದಲು ಬಂದದ್ದಕ್ಕೇ ತಾನೆ ಫೋನ್ ಬಂದದ್ದು! ಆ ತುಂಡು ಯಾವ ರೀತಿ ಒರೆಸಿದ್ದು ಎಂದು ಹಿಂಬದಿಯಲ್ಲಿ ಗೀರಿ ಬರೆದಿದ್ದೆ. ಉಳಿದ ಐದು ಇವತ್ತಿಗೂ ಸಿಕ್ಕಿಲ್ಲ.

ಎರಡನೇ ಸಲ ನವೆಂಬರಿನಲ್ಲಿ, ಹನ್ನೆರಡು ತುಂಡು. ಒಡೆದು ಮೂಲೆಗೆ ಬಿದ್ದಿದ್ದ ಹಳೆ ದೋಣಿಗೆ ನೈಲಾನ್ ಹಗ್ಗ, ಕೆಳಗೆ ಚಿರೆಕಲ್ಲಿನ ಭಾರ. ಕಾಳಿ ನದಿ ಸೇರುವಲ್ಲಿ ಕಟ್ಟು ಎಂದು ಒಬ್ಬರು ಹೇಳಿದ್ದರು. ಅಲ್ಲಿ ಸಿಹಿನೀರು ಬೆರೆಯುತ್ತದೆ, ಲೆಕ್ಕಕ್ಕೆ ಬರಲ್ಲ ಎಂದು ಬಿಟ್ಟೆ. ಫೆಬ್ರವರಿಯಲ್ಲಿ ಎತ್ತಿದಾಗ ಒಂದೂ ಲೇಬಲ್ ಕಾಣಲಿಲ್ಲ. ಬೋಟಿನ ಅಡಿಗೆ ಹಿಡಿಯುವ ಬಿಳಿ ಚಿಪ್ಪು ಬೆರಳು ದಪ್ಪ ಕೂತಿತ್ತು. ಮೀನು ಕತ್ತರಿಸುವ ಚಾಕುವಿನಿಂದ ಮೆಲ್ಲಗೆ ಕೆರೆದೆ. ಮೊದಲು ಕಂಡದ್ದು ಬುರುಡೆಯ ಒಂದು ಕಣ್ಣು, ಆಮೇಲೆ ಕೆಳಗಿನ ಮೂಲೆಯ 6. ಹನ್ನೆರಡರಲ್ಲಿ ಒಂಬತ್ತು ಪಾಸ್. ಫೇಲಾದ ಮೂರೂ ಸುಮ್ನೆ ಬಟ್ಟೆಯಲ್ಲಿ ಒರೆಸಿ ಹಚ್ಚಿದವು.

ವಿಷಯ ಇಷ್ಟೇ. ಹೊಸ ಡ್ರಮ್ಮಿನ ಮೈಮೇಲೂ ಜಿಡ್ಡು ಇರಬಹುದು, ಕಣ್ಣಿಗೆ ಕಾಣಲ್ಲ. ಮಳೆಗಾಲದಲ್ಲಿ ತಣ್ಣನೆ ಶೆಡ್ಡಿನಿಂದ ಹೊರಗೆ ತಂದರೆ ಡ್ರಮ್ ಬೆವರುತ್ತದೆ. ಅದರ ಮೇಲೆ ಎಂಥ ಫಿಲ್ಮ್ ಹಚ್ಚಿದರೂ ಅಂಟು ನೀರಿಗೆ ಅಂಟುತ್ತದೆಯೇ ಹೊರತು ಡ್ರಮ್ಮಿಗಲ್ಲ. ನಾನು ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೊಹಾಲ್) ಎರಡು ಸಲ ಒರೆಸುತ್ತೇನೆ, ಎರಡನೇ ಸಲ ಹೊಸ ಬಟ್ಟೆ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ, ಅದು ಏನು ಎಂದು ಇಲ್ಲಿ ಹೇಳಲ್ಲ, ನನ್ನ ಅನ್ನ ಅದು. ಜುಲೈನಲ್ಲಿ ಡ್ರಮ್ಮನ್ನು ಹೇಗೆ ಬೆಚ್ಚಗೆ ಮಾಡುತ್ತೇನೆ ಎನ್ನುವುದೂ ಹಾಗೇ. ಬೆಂಕಿ ಅಂತೂ ಅಲ್ಲ, ತುಂಬಿದ ಡ್ರಮ್ಮಿನ ಹತ್ತಿರ ಆ ಹುಚ್ಚು ಯಾರೂ ಮಾಡಬೇಡಿ. ಲೇಬಲ್ ಡ್ರಮ್ಮಿನ ಬಳೆಯ ಮೇಲೆ, ಅಚ್ಚಿನ ಜೋಡಣೆ ಗೆರೆಯ ಮೇಲೆ ಹೋಗಬಾರದು. ನಡುವಿನಿಂದ ಹೊರಗೆ ಒತ್ತಬೇಕು. ಹಚ್ಚಿ ಒಂದು ರಾತ್ರಿ ಬಿಡಬೇಕು. ಲಾರಿ ಬಾಗಿಲಲ್ಲಿ ನಿಂತು ಡ್ರೈವರ್ ಹಾರ್ನ್ ಹೊಡೆದರೂ ಬಿಡಬೇಕು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮರದ ದೋಣಿಗೆ ಗೇರು ಎಣ್ಣೆ ಹಚ್ಚುತ್ತಾರಲ್ಲ, ಅದನ್ನು ರಟ್ಟಿನ ಪೆಟ್ಟಿಗೆಯ ಲೇಬಲ್ ಮೇಲೆ ಬಳಿದೆ. ನೀರು ಒಂದು ಹನಿಯೂ ಒಳಗೆ ಹೋಗಲಿಲ್ಲ. ಬುರುಡೆಯೂ ಕಾಣಲಿಲ್ಲ, ಎಲ್ಲ ಕಪ್ಪು. ಕೈಗೆ ಬೊಬ್ಬೆ ಎದ್ದದ್ದು ಬೋನಸ್.

ಖರ್ಚು ನೆನಪಿನಿಂದ ಹೇಳುತ್ತೇನೆ. ಕಾಗದದ್ದು ಲೇಬಲ್ಲಿಗೆ ಎರಡು ರೂಪಾಯಿ ಇತ್ತು. ಈಗಿನ ದೊಡ್ಡ ಹಾಳೆ ಹದಿನೆಂಟೋ ಇಪ್ಪತ್ತೋ ಬೀಳುತ್ತದೆ, ಒರೆಸುವ ಕೂಲಿ ಡ್ರಮ್ಮಿಗೆ ಆರು. 80 ಡ್ರಮ್ಮಿಗೆ ಲೆಕ್ಕ ಹಾಕಿ, ಆ ಅರವತ್ತು ಸಾವಿರದ ಪಕ್ಕ ಇಡಿ. ಪಾರ್ಟಿಗಳು ಮೊದಲು ಚೌಕಾಸಿ ಮಾಡಿದರು. ಚಿಪ್ಪು ಕೆರೆದ ಒಂದು ತುಂಡನ್ನು ಮೇಜಿನ ಮೇಲಿಟ್ಟ ಮೇಲೆ ಚೌಕಾಸಿ ಕಡಿಮೆಯಾಗಿದೆ. ಫಾರ್ವರ್ಡರ್ ಅದನ್ನು ಉಗುರಿನಿಂದ ಎಬ್ಬಿಸಲು ನೋಡಿದರು. ಎರಡು ಸಲ. ಏನೂ ಹೇಳದೆ ಚಹಾ ಕುಡಿದು ಹೋದರು, ಮರುವಾರ 40 ಡ್ರಮ್ ಕಳಿಸಿದರು.

6.1 ಕಪ್ಪು ಬಿಳುಪು, ಹಾಗಾಗಿ ಬಿಸಿಲಿಗೆ ಅಷ್ಟಾಗಿ ಹೆದರಲ್ಲ. ಮೂರನೇ ವರ್ಗದ, ಅಂದರೆ ಬೆಂಕಿ ಹತ್ತುವ ದ್ರವಗಳ ಲೇಬಲ್ಲಿನ ಕೆಂಪು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ನಾಲ್ಕು ಕಂಪನಿಯ ರಿಬ್ಬನ್ನಿನಲ್ಲಿ ಹೊಡೆದು ತಾರಸಿಯ ನೀರಿನ ಟ್ಯಾಂಕಿಗೆ ಹಚ್ಚಿದ್ದೇನೆ. ಎರಡು ಆಗಲೇ ಗುಲಾಬಿ ಬಣ್ಣಕ್ಕೆ ತಿರುಗಿವೆ. ಉಳಿದ ಎರಡನ್ನು ಮೇ ತಿಂಗಳ ಬಿಸಿಲು ಮುಗಿದ ಮೇಲೆ ನೋಡಬೇಕು.